ಕಲ್ಲಿನ ಜೊತೆ ಬಂದ ಹೆಸರು

ಮೊಮ್ಮಗನಿಗೆ ತನ್ನ ಹೆಸರನ್ನೇ ಇಡಬೇಕೆಂದು ಯಜಮಾನರು ಊಟದ ಹೊತ್ತಿನಲ್ಲಿ ಬಾಯಿಬಿಟ್ಟ ದಿನ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಅವರಿಗೆ ಕಳವಳವಾದದ್ದು ಅದೇ. ಉಪ್ಪು ಕಡಿಮೆ ಎಂದರೂ ಒಂದು ಗಂಟೆ ವಾದ ನಡೆಯುವ ಮನೆ ಅದು. ಈಗ ಹೆಂಡತಿ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಕೈ ಒರೆಸಿಕೊಂಡಳು. ಮಗ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ. ಸೊಸೆ, ಇಪ್ಪತ್ತು ದಿನದ ಮಗುವಿನ ಕಿವಿಯ ಮೇಲೆ ಅಂಗೈ ಮುಚ್ಚಿದಳು, ಬೀದಿಯಲ್ಲಿ ಯಾರೋ ಕೆಟ್ಟ ಮಾತಾಡಿದಾಗ ತಾಯಂದಿರು ಮುಚ್ಚುವ ಹಾಗೆ.

ಯಜಮಾನರದು ಗೋರಿಕಲ್ಲು ಕೆತ್ತುವ ಕಸುಬು. ಅಂಗಡಿ ಬೀದಿಯ ತುದಿಗಿದ್ದುದರಿಂದ ಜನ ಅದನ್ನು 'ಕಡೇ ಅಂಗಡಿ' ಎನ್ನುತ್ತಿದ್ದರು. ಕಡೆ ಎಂದದ್ದು ಬೀದಿಯ ಲೆಕ್ಕಕ್ಕೆ ಮಾತ್ರವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಗಿಲ ಫಲಕ, ಕಟ್ಟಡದ ಅಡಿಗಲ್ಲು, ಶಾಲೆಯ ಬಹುಮಾನದ ಹಲಗೆ ಎಲ್ಲವನ್ನೂ ಕೆತ್ತುತ್ತಿದ್ದರೂ ಮನೆಯ ಒಲೆ ಉರಿಸುತ್ತಿದ್ದವರು ಸತ್ತವರೇ. (ಸತ್ತವರಂಥ ಗಿರಾಕಿ ಸಿಗುವುದಿಲ್ಲ. ಅಕ್ಷರ ಓರೆಯಾಯಿತು ಎಂದು ಮರಳಿ ಬರುವವರಲ್ಲ. ಬರುವವರು ಅವರ ಅಳಿಯಂದಿರು.)

ಐವತ್ತು ವರ್ಷ ಹೆಸರು ಕೆತ್ತಿದವನಿಗೆ ಹೆಸರಿನ ಮಾರುಕಟ್ಟೆ ಅಂಗೈ ಗೆರೆಯಷ್ಟು ಪರಿಚಯ. ಹೆಸರೂ ಕೊಡೆಯ ಹಾಗೆ, ಒಂದು ವರ್ಷ ಬೀದಿಯಲ್ಲೆಲ್ಲ ಒಂದೇ ಬಣ್ಣ. ಮರುವರ್ಷ ಅದನ್ನು ಹಿಡಿದವನನ್ನು ಕಂಡರೆ ಜನ ನಗುತ್ತಾರೆ. ತೊಟ್ಟಿಲಲ್ಲಿ ಮೆರೆದ ಹೆಸರು ಎಪ್ಪತ್ತು ವರ್ಷಕ್ಕೆ ತಪ್ಪದೆ ತನ್ನ ಅಂಗಡಿಗೆ ಬರುತ್ತದೆ ಎಂಬುದು ಯಜಮಾನರ ಸಿದ್ಧಾಂತ. "ಈ ವರ್ಷ ಶಾಲೆಗೆ ಸೇರಿದ ಹೆಸರುಗಳನ್ನು ಬರೆದಿಟ್ಟುಕೋ, ಮುಂದಿನ ವ್ಯಾಪಾರ ಅದೇ" ಎಂದು ಮಗನಿಗೆ ಬುದ್ಧಿ ಹೇಳಿದ್ದರು. ಮಗ ಅದನ್ನು ಕೇಳಿದ ವಾರವೇ ಬಸ್ಸಿನ ಚಾಲಕನಾಗಿ ಸೇರಿಕೊಂಡ.

ಅವರ ಸ್ವಂತ ಹೆಸರು ಮಾತ್ರ ಯಾವ ಮಾರುಕಟ್ಟೆಗೂ ಒಗ್ಗಿದ್ದಲ್ಲ. ಅದನ್ನು ಇಲ್ಲಿ ಬರೆಯುವಂತಿಲ್ಲ. ಯಾಕೆಂಬುದು ಕಡೆಗೆ ತಿಳಿಯುತ್ತದೆ. ನಾಲ್ಕಕ್ಷರ, ನಡುವೆ ಒಂದು ಒತ್ತು, ತುದಿಗೆ ಉದ್ದನೆಯ ಬಾಲ. ಕೇಳಿದವರು ಮೊದಲ ಸಲ 'ಏನಂದ್ರಿ?' ಎನ್ನುತ್ತಾರೆ, ಎರಡನೆಯ ಸಲ 'ಓಹೋ' ಎನ್ನುತ್ತಾರೆ, ಮೂರನೆಯ ಸಲಕ್ಕೆ ಯಾರೂ ನಿಲ್ಲುವುದಿಲ್ಲ.

ಆ ಹೆಸರು ಮನೆಗೆ ಬಂದದ್ದು ಹೀಗೆ. ಯಜಮಾನರ ಅಜ್ಜನ ಕಾಲದಲ್ಲಿ ಒಬ್ಬ ಅಪರಿಚಿತ ಅಂಗಡಿಗೆ ಬಂದು, ಇದ್ದುದರಲ್ಲೇ ಒಳ್ಳೆಯ ಕರಿಕಲ್ಲು ಆರಿಸಿ, ತನ್ನ ಹೆಸರನ್ನೇ ಕೆತ್ತಲು ಹೇಳಿದ. ಹಡಗಿನ ಕೆಲಸಕ್ಕೆ ಹೊರಟಿದ್ದನಂತೆ. ಎಲ್ಲಿ ಸತ್ತರೂ ಒಂದು ಕಡೆ ಹೆಸರಿರಲಿ ಎಂಬ ಆಸೆ. ಇಸವಿಯ ಜಾಗ ಖಾಲಿ ಬಿಡಲು ಹೇಳಿದ. ಆ ಅಂಗಡಿಯದೊಂದು ಪದ್ಧತಿಯಿತ್ತು. ಅಕ್ಷರ ಕೆತ್ತಿ ಮುಗಿದ ಮೇಲೆ ಕಲ್ಲಿನ ಮೇಲೆ ತೆಳುಕಾಗದ ಹಾಸಿ ಇದ್ದಿಲು ಉಜ್ಜುವುದು. ಕಾಗದ ಕಪ್ಪಾಗಿ, ಅಕ್ಷರ ಬಿಳಿಯಾಗಿ ಏಳುತ್ತದೆ. ಆ ಅಚ್ಚನ್ನು ಗಿರಾಕಿಗೆ ಕೊಡಬೇಕು, ಅವನು ಮನೆಯಲ್ಲಿ ತೋರಿಸಿ ಒಪ್ಪಿಗೆ ಹೇಳಬೇಕು, ಆಮೇಲೆಯೇ ಕಲ್ಲಿನ ಮೂಲೆಯಲ್ಲಿ ಅಂಗಡಿಯ ಗುರುತಾದ ಮೂರು ಉಳಿಗಳ ಚಿತ್ರ ಬೀಳುವುದು. ಆ ಮನುಷ್ಯ ಅಚ್ಚು ತೆಗೆದುಕೊಂಡು ಹೋದ. ಹೋದವನು ಹೋದ.

ಅಜ್ಜ ಮೂರು ವರ್ಷ ಕಾದ. ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಇಳಿದ ಅಕ್ಷರವನ್ನು ಅಳಿಸಬೇಕೆಂದರೆ ಕಲ್ಲನ್ನೇ ಅರ್ಧ ಅರೆಯಬೇಕು. ಆ ಹೆಸರಿನವರು ಇನ್ನೊಬ್ಬರು ಸಾಯುವವರೆಗೆ ಕಾಯೋಣವೆಂದರೆ ಹುಟ್ಟಿದವರೇ ಇರಲಿಲ್ಲ. ಅಷ್ಟರಲ್ಲಿ ಅಜ್ಜನಿಗೆ ಗಂಡುಮಗು ಹುಟ್ಟಿತು. ಅಜ್ಜ ಮಗುವನ್ನು ನೋಡಿದ, ಕಲ್ಲನ್ನು ನೋಡಿದ, ಮತ್ತೆ ಮಗುವನ್ನು ನೋಡಿದ. ಒಳ್ಳೆಯ ಕಲ್ಲು ಹಾಳಾಗಬಾರದು ಎಂಬುದು ಅವನ ಜೀವನದ ಏಕೈಕ ತತ್ವ. ಕಲ್ಲಿಗೆ ತಕ್ಕ ಮನುಷ್ಯ ಸಿಗದಿದ್ದರೆ ಮನುಷ್ಯನನ್ನೇ ಕಲ್ಲಿಗೆ ತಕ್ಕ ಹಾಗೆ ಮಾಡಿದರಾಯಿತು. (ಎಂಥ ದೂರದೃಷ್ಟಿ ನೋಡಿ. ಸರಕು ಮೊದಲು, ಗಿರಾಕಿ ಆಮೇಲೆ. ಗಿರಾಕಿ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.)

ಗಿರಾಕಿ ತಪ್ಪಿಸಿಕೊಂಡ. ಆ ಮಗು ಬೆಳೆದು, ಮದುವೆಯಾಗಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಲ್ಲುಗಣಿಯ ಕುಸಿತದಲ್ಲಿ ಸಿಕ್ಕಿಕೊಂಡ. ದೇಹ ತೆಗೆಯಲಾಗಲಿಲ್ಲ. ಗುಡ್ಡವೇ ಗೋರಿಯಾದವನಿಗೆ ಇನ್ನೊಂದು ಕಲ್ಲೇಕೆ? ನಾಲ್ಕು ತಿಂಗಳ ಮೇಲೆ ಯಜಮಾನರು ಹುಟ್ಟಿದರು. ಅಜ್ಜ ತೊಟ್ಟಿಲ ಹತ್ತಿರ ಬಂದು ನಿಂತು, ಹಿತ್ತಲಿನ ಗೋಡೆಗೆ ಒರಗಿಸಿದ್ದ ಕಲ್ಲಿನ ಕಡೆ ಕಣ್ಣು ಹಾಯಿಸಿದಾಗಲೇ ಬಾಣಂತಿ ಮುಖ ತಿರುಗಿಸಿಕೊಂಡಳಂತೆ.

ಯಜಮಾನರ ಹೆಂಡತಿ ಮದುವೆಯಾಗಿ ಬಂದ ಮೊದಲ ದಿನ ಗಂಡನ ಹೆಸರನ್ನು ಪೂರ್ತಿಯಾಗಿ ಓದಿದ್ದು ಆ ಕಲ್ಲಿನ ಮೇಲೆ. ಅಂದಿನಿಂದ ಮೂವತ್ತೊಂಬತ್ತು ವರ್ಷ ಅದನ್ನು ಅವಳು ನಾಲಗೆಯ ಮೇಲೆ ತಂದವಳಲ್ಲ. 'ನೋಡಿ ಇಲ್ಲಿ' ಎಂಬುದೇ ಅವರ ಹೆಸರಾಯಿತು. ಸಿಟ್ಟು ಬಂದರೆ 'ನೋಡಿ' ಎಂಬುದು ಉದುರಿ 'ಇಲ್ಲಿ' ಮಾತ್ರ ಉಳಿಯುತ್ತಿತ್ತು.

ಇಂಥ ಹೆಸರನ್ನು ಮೊಮ್ಮಗನಿಗೆ ಇಡಲು ಯಜಮಾನರಿಗೆ ಯಾಕೆ ಹಟ ಹುಟ್ಟಿತು ಎಂದರೆ, ಅದಕ್ಕೆ ಎರಡು ತಿಂಗಳ ಹಿಂದೆ ತೆಗೆಸಿದ ಎದೆಯ ಚಿತ್ರ ಕಾರಣ. ವೈದ್ಯರು ಅದನ್ನು ಬೆಳಕಿಗೆ ಹಿಡಿದು, ಅಂಗಡಿಯನ್ನು ಹೊರಗೆ ಇಟ್ಟಿದ್ದೀರೋ ಒಳಗೆ ಇಟ್ಟಿದ್ದೀರೋ ಎಂದು ಕೇಳಿದ್ದರು. ಐವತ್ತು ವರ್ಷದ ಕಲ್ಲುಪುಡಿ ಶ್ವಾಸಕೋಶದಲ್ಲಿ ಗೂಡು ಕಟ್ಟಿತ್ತು. ಇನ್ನು ಉಳಿ ಮುಟ್ಟಕೂಡದು, ದೂಳಿಗೆ ಮುಖ ಕೊಡಕೂಡದು. ಎಷ್ಟು ಕಾಲ ಎಂದು ಕೇಳಿದ್ದಕ್ಕೆ, "ಎರಡು ವರ್ಷ ಅಂದರೆ ನನ್ನನ್ನು ಧಾರಾಳಿ ಅಂದುಕೊಳ್ಳಿ" ಎಂದಿದ್ದರು.

ಕಲ್ಲಿನ ಮೇಲಿದ್ದರೆ ಹೆಸರು ಉಳಿಯುತ್ತದೆ ಎಂದು ಗಿರಾಕಿಗಳಿಗೆ ಯಜಮಾನರು ಐವತ್ತು ವರ್ಷ ಹೇಳಿದ್ದರು. ಆ ದಿನ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ, ತಾನೇ ಅದನ್ನು ಎಂದೂ ನಂಬಿರಲಿಲ್ಲ ಎಂಬುದು ಅವರಿಗೆ ಹೊಳೆಯಿತು. ಪಾಚಿ ಎಷ್ಟು ವರ್ಷಕ್ಕೆ ಅಕ್ಷರ ತುಂಬುತ್ತದೆ, ಮೊಮ್ಮಕ್ಕಳು ಎಷ್ಟು ವರ್ಷಕ್ಕೆ ಬರುವುದು ನಿಲ್ಲಿಸುತ್ತಾರೆ ಎಂಬುದು ಅವರಷ್ಟು ಯಾರಿಗೆ ಗೊತ್ತು? ಹೆಸರು ಉಳಿಯುವುದೆಂದರೆ, ಯಾರಾದರೂ ಬಾಗಿಲಲ್ಲಿ ನಿಂತು ಊಟ ಆರಿಹೋಗುತ್ತೆ ಬಾ ಎಂದು ಅದನ್ನು ಕೂಗುವುದು. ಕೂಗಿಸಿಕೊಳ್ಳಲು ಒಂದು ಜೀವ ಬೇಕು. ಅದು ಸೊಸೆಯ ಮಡಿಲಲ್ಲಿತ್ತು.

ನೋಂದಣಿ ಕಚೇರಿಯ ಅರ್ಜಿಯಲ್ಲಿ ಮಗುವಿನ ಹೆಸರಿನ ಜಾಗ ಇನ್ನೂ ಖಾಲಿಯಿತ್ತು. ತಿಂಗಳ ಕೊನೆಯೊಳಗೆ ತುಂಬಬೇಕು. ಅಲ್ಲಿಯವರೆಗೆ ಮನೆಯಲ್ಲಿ ಮಗುವನ್ನು 'ಖಾಲಿ' ಎಂದೇ ಕರೆಯುತ್ತಿದ್ದರು. ಮಗು ಮಾತ್ರ ಎಲ್ಲ ಕಡೆಯಿಂದಲೂ ತುಂಬಿಕೊಂಡು ಗುಂಡಗಿತ್ತು.

ಸೊಸೆ ಶಾಲೆಯ ಟೀಚರು. ಗದರದೆಯೇ ನಲವತ್ತು ಮಕ್ಕಳನ್ನು ಕೂರಿಸುವ ದನಿ. ಆ ದನಿಯಲ್ಲಿಯೇ ಕಡೆಗೆ ಮಾತಾಡಿದಳು.

"ಮಾವ, ಅದು ಹೆಸರಲ್ಲ, ಸರದಿ. ಆ ಕಲ್ಲಿನ ಮುಂದೆ ನಿಮ್ಮಪ್ಪ ನಿಂತ್ರು, ಆಮೇಲೆ ನೀವು. ನನ್ನ ಮಗನ್ನ ಅಲ್ಲಿ ನಿಲ್ಲಿಸಬೇಡಿ."

ಕಲ್ಲು ತನಗೇ ಸರಿಹೋಗುತ್ತದೆ, ಮಗುವಿನ ಪಾಲಿಗೆ ಉಳಿಯುವುದಿಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು. ಅದು ಯಾರಿಗೂ ಸಮಾಧಾನವೆನಿಸಲಿಲ್ಲ. ಹೆಂಡತಿ ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಯಜಮಾನರು ದಾರಿ ಬದಲಿಸಿದರು. ಆ ಹೆಸರಿಗೂ ಒಂದು ಕಾಲವಿತ್ತು ಎಂದರು. ಅದು ಸುಳ್ಳಲ್ಲ. ಅವರಿಗೆ ಮೂವತ್ತಾದಾಗ ಅದೇ ಹೆಸರಿನ ಒಬ್ಬ ಸೈಕಲ್ ಪಂದ್ಯದ ವೀರ ಎಲ್ಲಿಂದಲೋ ಎದ್ದುಬಂದಿದ್ದ. ನಾಲ್ಕು ವರ್ಷ ಗೋಡೆಗೋಡೆಯ ಮೇಲೆ ಅವನ ಚಿತ್ರ. ಆ ನಾಲ್ಕು ವರ್ಷ ಯಜಮಾನರು ತಲೆ ಬಾಚಿಕೊಳ್ಳದೆ ಹೊರಗೆ ಹೋಗುತ್ತಿರಲಿಲ್ಲ. ಕ್ಷೌರದವನು ಸಹ ಕುರ್ಚಿ ಒರೆಸಿ ಕೂರಿಸುತ್ತಿದ್ದ. ಐದನೆಯ ವರ್ಷ ಪೊಲೀಸರು ಬಂದರು. ವೀರನು ಎದುರಾಳಿಯೊಬ್ಬನ ಬ್ರೇಕಿನ ತಂತಿ ಕತ್ತರಿಸಿದ್ದ. ಎದುರಾಳಿ ಇಳಿಜಾರಿನಲ್ಲಿ ಸತ್ತಿದ್ದ. (ಆ ಎದುರಾಳಿಯ ಕಲ್ಲನ್ನೂ ಕೆತ್ತಿದವರು ಯಜಮಾನರೇ. ಕೆತ್ತಿದವರ ಹೆಸರು ಕೇಳಿದ ಮೇಲೆ ಸತ್ತವನ ತಮ್ಮ ಕಲ್ಲು ವಾಪಸು ಕೊಡಲು ಬಂದಿದ್ದ.) ಹೆಸರಿನ ಬೆಲೆ ಒಂದೇ ವಾರದಲ್ಲಿ ನೆಲ ಕಚ್ಚಿತು.

"ಸರಿ ಹಾಗಾದ್ರೆ" ಎಂದಳು ಸೊಸೆ. "ಆ ಹೆಸರಿಟ್ಟುಕೊಂಡು ಚೆನ್ನಾಗಿ ಬಾಳ್ತಿರೋ ಒಬ್ಬರನ್ನ ಕರ್ಕೊಂಡು ಬನ್ನಿ. ಒಬ್ಬರೇ ಸಾಕು. ಅರ್ಜಿಯಲ್ಲಿ ನನ್ನ ಕೈಯಾರೆ ಬರೀತೀನಿ."

ಮಗ, ಇಬ್ಬರು ಹೇಳುವುದೂ ಸರಿ ಎಂದ. ಬಸ್ಸು ಓಡಿಸುವವನಿಗೆ ಎರಡು ಬದಿಯ ಕನ್ನಡಿಯನ್ನೂ ನೋಡುವ ಅಭ್ಯಾಸ.

ಮರುದಿನ ಯಜಮಾನರು ನೋಂದಣಿ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಕೂತರು. ಅಲ್ಲಿಯ ಗುಮಾಸ್ತೆ ಹೆಂಗಸು ಹಳೆಯ ಪರಿಚಯ. ಅವಳು ಕಾಗದದ ಮೇಲೆ ಬರೆದವರನ್ನು ಇವರು ಕಲ್ಲಿನ ಮೇಲೆ ಬರೆಯುತ್ತಿದ್ದರು, ಅಷ್ಟೇ ವ್ಯತ್ಯಾಸ. ಅವಳು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹಳೆಯ ಪುಸ್ತಕಗಳನ್ನು ಕೆಡವಿದಳು. ತೊಂಬತ್ತು ವರ್ಷದ ಹಿಂದೆ ಒಂದು ಹೆಸರು, ಯಜಮಾನರ ಅಪ್ಪನದು. ಅರವತ್ತಾರು ವರ್ಷದ ಹಿಂದೆ ಒಂದು, ಯಜಮಾನರದೇ. ಆಮೇಲೆ ಮೂವತ್ತು ವರ್ಷ ಬರಗಾಲ. ಆಮೇಲೆ ನಾಲ್ಕೇ ವರ್ಷದಲ್ಲಿ ಹನ್ನೊಂದು. ಆಮೇಲೆ ಇಂದಿನವರೆಗೆ ಸೊನ್ನೆ.

ಹನ್ನೊಂದು ಎಂದು ಕೇಳಿ ಯಜಮಾನರು ಹಿಗ್ಗಿದರು. ಗುಮಾಸ್ತೆ ಇನ್ನೊಂದು ಪುಸ್ತಕ ತೆಗೆದಳು. ಒಂಬತ್ತು ಜನ ಪ್ರಮಾಣಪತ್ರ ಕೊಟ್ಟು ಹೆಸರು ಬದಲಿಸಿಕೊಂಡಿದ್ದರು. ಹತ್ತನೆಯವನ ಪುಟಕ್ಕೆ ಬಂದಾಗ ಅವಳು ಓದದೆ ಪುಸ್ತಕವನ್ನು ಇವರತ್ತ ತಿರುಗಿಸಿದಳು. ಓದುವ ಅಗತ್ಯ ಅವರಿಗೂ ಇರಲಿಲ್ಲ. ಆರು ವರ್ಷದ ಹುಡುಗ, ಜ್ವರ. ಆ ಕಲ್ಲನ್ನು ಕೆತ್ತಲು ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿದಿತ್ತು. ತನ್ನ ಹೆಸರನ್ನು ತಾನೇ ಕಲ್ಲಿನ ಮೇಲೆ ಕೆತ್ತಿದ್ದು ಅದೊಂದೇ ಸಲ.

"ಹನ್ನೊಂದನೇವನು ಇದ್ದಾನೆ" ಎಂದಳು ಗುಮಾಸ್ತೆ. "ಬದಲಾಯಿಸಿಲ್ಲ, ಸತ್ತೂ ಇಲ್ಲ. ಯಾಕೆ ಅಂತ ನನ್ನನ್ನ ಕೇಳಬೇಡಿ."

ವಿಳಾಸ ಹಿಡಿದು ಎರಡು ಬಸ್ಸು ಬದಲಿಸಿ, ಮೂರು ಕಡೆ ನಿಂತು ಕೆಮ್ಮಿ, ಯಜಮಾನರು ಒಂದು ಬೀಗ ರಿಪೇರಿ ಅಂಗಡಿಯ ಮುಂದೆ ಬಂದು ಮುಟ್ಟಿದರು. ಮೂವತ್ತೈದರ ಆಸುಪಾಸಿನ ಮನುಷ್ಯ, ಗೋಡೆ ತುಂಬ ಕೀಲಿಕೈ ಗೊಂಚಲು, ಒಳಗಿನಿಂದ ಮಕ್ಕಳ ಗಲಾಟೆ. ಯಜಮಾನರು ಹೆಸರು ಹೇಳಿ ಕರೆದರು. ಆತ ತಲೆ ಎತ್ತಿ, "ಹೌದು, ನಾನೇ" ಎಂದ. ಜೀವನದಲ್ಲಿ ಮೊದಲ ಸಲ ಆ ಹೆಸರು ಕರೆದದ್ದಕ್ಕೆ ಇನ್ನೊಬ್ಬ ತಲೆ ಎತ್ತಿದ್ದ. ಯಜಮಾನರು ಕಣ್ಣು ಒರೆಸಿಕೊಂಡರು. (ಕಲ್ಲುಪುಡಿಯೂ ಇದ್ದಿರಬಹುದು.)

ಶಾಲೆಯಲ್ಲಿ ತುಂಬ ಗೋಳು ಹೊಯ್ದುಕೊಂಡರು, ನನ್ನನ್ನು ಕಂಡರೆ ಹುಡುಗರು ಸೈಕಲ್ಲಿನ ಬ್ರೇಕ್ ಮುಟ್ಟಿ ನೋಡಿಕೊಳ್ಳುತ್ತಿದ್ದರು ಎಂದು ಬೀಗದವನು ನಕ್ಕ. ಆದರೆ ತನಗೆ ಆ ಹೆಸರು ಬಂದದ್ದು ಸೈಕಲ್ಲಿನವನಿಂದ ಅಲ್ಲವಂತೆ, ಮುತ್ತಜ್ಜನಿಂದ. ಮುತ್ತಜ್ಜ ಹಡಗಿನ ಕೆಲಸಕ್ಕೆ ಹೋದವನು ಬರಲಿಲ್ಲ. ಹೋಗುವ ಹಿಂದಿನ ದಿನ ಒಂದು ಕಾಗದ ತಂದು ಹೆಂಡತಿಯ ಕೈಗಿಟ್ಟಿದ್ದ. ಆಕೆ ಐವತ್ತೊಂಬತ್ತು ವರ್ಷ ಕಾದಳು. ಬರುವವನ ಹೆಸರನ್ನು ಇನ್ನೊಬ್ಬರಿಗೆ ಇಟ್ಟರೆ ಅವನು ಬರುವುದಿಲ್ಲವೆಂದು ಮಗನಿಗೂ ಇಡಗೊಡಲಿಲ್ಲ, ಮೊಮ್ಮಗನಿಗೂ ಇಡಗೊಡಲಿಲ್ಲ. ಆಕೆ ಸತ್ತ ವರ್ಷ ಇವನು ಹುಟ್ಟಿದ. ಅದೇ ಕಾಲಕ್ಕೆ ಸೈಕಲ್ಲಿನವನೂ ಮೆರೆಯುತ್ತಿದ್ದದ್ದು ಇವನ ಗ್ರಹಚಾರ.

"ಅದೇ ಕಾಗದ" ಎಂದು ಬೀಗದವನು ಗೋಡೆ ತೋರಿಸಿದ.

ಗಾಜಿನ ಚೌಕಟ್ಟಿನೊಳಗೆ ಕಪ್ಪು ಕಾಗದ, ಅದರ ಮೇಲೆ ಬಿಳಿಯ ನಾಲ್ಕಕ್ಷರ. ಯಜಮಾನರಿಗೆ ಓದಬೇಕಾಗಿರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಹಾಗೆ ಕೆಳಗಿಳಿಸಿ ಮೀನಿನ ಹಾಗೆ ಮೇಲೆತ್ತುವ ಕೈ ಪ್ರಪಂಚದಲ್ಲಿ ಒಂದೇ ಇತ್ತು. ಅದು ಅವರ ಅಜ್ಜನದು.

ಒಳ್ಳೆಯ ಮನುಷ್ಯ ಈ ಘಳಿಗೆಯಲ್ಲಿ ಬಾಯಿಬಿಡುತ್ತಾನೆ. ಯಜಮಾನರೂ ಒಳ್ಳೆಯವರೇ. ಆದರೆ ವ್ಯಾಪಾರಿ. ಬಾಯಿಬಿಟ್ಟರೆ ಇವನು ಕಲ್ಲು ಕೇಳುತ್ತಾನೆ, ಮನೆಯಲ್ಲಿ ರಂಪವಾಗುತ್ತದೆ, ತಿಂಗಳು ಮುಗಿಯುತ್ತದೆ, ಮಗುವಿಗೆ ಯಾವುದೋ ಎರಡಕ್ಷರದ ಅಗ್ಗದ ಹೆಸರು ಬೀಳುತ್ತದೆ. ಮೊದಲು ಅರ್ಜಿಯಲ್ಲಿ ಸಹಿ, ಆಮೇಲೆ ಸತ್ಯ. ಸತ್ಯಕ್ಕೇನು, ತೊಂಬತ್ತು ವರ್ಷ ಕಾದದ್ದು ಇನ್ನೊಂದು ವಾರ ಕಾಯುತ್ತದೆ. ಅವರು ಕನ್ನಡಕ ಒರೆಸಿಕೊಂಡು, ಅಕ್ಷರ ಚೆನ್ನಾಗಿದೆ ಎಂದು ಹೊಗಳಿ, ಭಾನುವಾರ ಮನೆಗೆ ಊಟಕ್ಕೆ ಕರೆದರು. ಹೆಸರು ಒಂದೇ ಆದವರು ಒಂದು ಹೊತ್ತು ಒಟ್ಟಿಗೆ ಉಣ್ಣಬೇಕು ಎಂದರು. ಬರುವಾಗ ನಗುನಗುತ್ತ ಬರಬೇಕು ಎಂದೂ ಸೂಚಿಸಿದರು.

ಭಾನುವಾರ ಬೆಳಗ್ಗೆ ಯಜಮಾನರು ಹಿತ್ತಲಿನ ಕಲ್ಲಿನ ಮೇಲೆ ಹಳೆಯ ಹೊದಿಕೆ ಹೊದಿಸುತ್ತಿರುವುದನ್ನು ಹೆಂಡತಿ ನೋಡಿದಳು. ಕಲ್ಲಿಗೆ ಚಳಿಯಾಗುತ್ತಾ ಎಂದು ಕೇಳಿದಳು. ದೂಳು ಕೂರಬಾರದಲ್ಲ ಎಂದರು ಇವರು.

"ಇಷ್ಟು ವರ್ಷ ನಿಮ್ಮೆದೆ ಮೇಲೆ ಕೂತ ದೂಳಿಗೆ ಒಂದು ಕರವಸ್ತ್ರ ಕಟ್ಟಿಕೊಳ್ಳಲಿಲ್ಲ. ಕಲ್ಲಿಗೆ ನನ್ನ ಹೊದಿಕೆ ಬೇಕಾಯ್ತಾ?" ಎಂದು ಅವಳು ಒಳಗೆ ಹೋದಳು. ಆದರೆ ಹೊದಿಕೆಯನ್ನು ತೆಗೆಯಲಿಲ್ಲ.

ಬೀಗದವನು ಹೇಳಿದ ಹೊತ್ತಿಗೆ ಬಂದ. ನಗುನಗುತ್ತಲೇ ಬಂದ. ಕೆಟ್ಟುಹೋಗಿದ್ದ ಅಡುಗೆಮನೆಯ ಅಗುಳಿಯನ್ನು ಬಂದ ಐದು ನಿಮಿಷದಲ್ಲಿ ಸರಿಮಾಡಿ ಯಜಮಾನರ ಹೆಂಡತಿಯನ್ನು ಗೆದ್ದುಕೊಂಡ. ಊಟವಾಗುತ್ತಿದ್ದಂತೆ ಸೊಸೆ ಪರೀಕ್ಷೆ ಶುರುಮಾಡಿದಳು. ನಿದ್ದೆ ಬರುತ್ತದೆಯೇ, ಹೆಂಡತಿ ಮಕ್ಕಳು ಆರೋಗ್ಯವೇ, ಹೆಸರಿನಿಂದ ತೊಂದರೆಯಾಯಿತೇ, ಬದಲಿಸಬೇಕು ಅನಿಸಲಿಲ್ಲವೇ. ಎಲ್ಲದಕ್ಕೂ ಆತ ಉಣ್ಣುತ್ತಲೇ ಉತ್ತರಿಸಿದ. ಬದಲಿಸುವ ಮಾತಿಗೆ ಮಾತ್ರ ಕೈ ನಿಲ್ಲಿಸಿದ.

"ಮುತ್ತಜ್ಜನದು ಅಂತ ಇರೋದು ಆ ಹೆಸರೊಂದೇ ಅಲ್ವಾ ಅಕ್ಕ? ಒಂದು ಗೋರಿ ಕೂಡ ಇಲ್ಲ ಹೋಗಿ ನಿಲ್ಲೋಕೆ. ಅದನ್ನೂ ಬಿಟ್ಟರೆ ಮನುಷ್ಯ ಇದ್ದದ್ದೇ ಸುಳ್ಳಾಗುತ್ತೆ."

ಸೊಸೆ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅರ್ಜಿ ತರಿಸಿದಳು. ಪೆನ್ನಿನ ಮುಚ್ಚಳ ತೆಗೆದಳು. ಯಜಮಾನರು ಉಸಿರು ಬಿಗಿಹಿಡಿದರು, ಅವರಿಗಿದ್ದ ಉಸಿರೇ ಅಷ್ಟಕ್ಕಷ್ಟೆ. ಅವಳು ಮೊದಲ ಅಕ್ಷರ ಬರೆದಳು. ಎರಡನೆಯದರ ಒತ್ತಿಗೆ ಪೆನ್ನು ಇಳಿಯುತ್ತಿತ್ತು. ಅಷ್ಟರಲ್ಲಿ ಬೀಗದವನು ಕೈ ತೊಳೆಯಲು ಹಿತ್ತಲಿಗೆ ಎದ್ದ.

ಇಲ್ಲೇ ತೊಳೆಯಬಹುದು ಎಂದು ಯಜಮಾನರು ಹೇಳುವಷ್ಟರಲ್ಲಿ ಆತ ಹೊಸ್ತಿಲು ದಾಟಿದ್ದ. ಕೈ ತೊಳೆದ ಮೇಲೆ ಒರೆಸಲು ಎದುರಿಗೆ ಕಂಡ ಹೊದಿಕೆಯನ್ನು ಹಿಡಿದ. ಬೀಗದವನ ಬೆರಳು, ಕತ್ತಲಲ್ಲಿ ಕೀಲಿಯ ಹಲ್ಲೆಣಿಸುವ ಬೆರಳು. ಬಟ್ಟೆಯ ಮೇಲಿನಿಂದಲೇ ಅದಕ್ಕೆ ಏನೋ ಸಿಕ್ಕಿತು. ಬೆರಳು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಯಿತು, ಕೊನೆಯ ಬಾಲದ ತುದಿಗೆ ಬಂದು ನಿಂತಿತು. ಒಳಗಿದ್ದವರೆಲ್ಲ ನೋಡುತ್ತಿದ್ದರು. ಅವನು ಹೊದಿಕೆಯನ್ನು ಎಳೆಯಲಿಲ್ಲ. ಮಲಗಿದವರ ಮುಖದಿಂದ ಸರಿಸುವ ಹಾಗೆ ಸರಿಸಿದ.

ಒಳಗೆ ತಿರುಗಿ ಕೇಳಿದ: "ಯಜಮಾನ್ರೆ, ನಿಮಗೆ ಗೊತ್ತಿತ್ತಾ?"

"ಊಟ ಆದ್ಮೇಲೆ ಹೇಳೋಣ ಅಂತಿದ್ದೆ" ಎಂದರು ಯಜಮಾನರು.

ಸೊಸೆ ಪೆನ್ನಿನ ಮುಚ್ಚಳ ಹಾಕಿದಳು. ಅಷ್ಟು ಸಣ್ಣ ಸದ್ದು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

ನಡೆದದ್ದನ್ನೆಲ್ಲ ಯಜಮಾನರೇ ಹೇಳಬೇಕಾಯಿತು, ಅಜ್ಜ ಮೂರು ವರ್ಷ ಕಾದದ್ದು, ಆಮೇಲೆ ಕಲ್ಲು ಹಾಳಾಗದಿರಲೆಂದು ಮಗನಿಗೆ ಹೆಸರಿಟ್ಟದ್ದು. ಹೇಳುತ್ತ ಹೋದಂತೆ ಅದು ತಮ್ಮ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಒಂದು ಮನೆಯಲ್ಲಿ ಬರುವವನಿಗಾಗಿ ಹೆಸರನ್ನು ಐವತ್ತೊಂಬತ್ತು ವರ್ಷ ಯಾರಿಗೂ ಇಡದೆ ಕಾಯ್ದಿದ್ದರು. ಈ ಮನೆಯಲ್ಲಿ ಮೂರೇ ವರ್ಷಕ್ಕೆ, ಕೇಳದೆ ಕೊಳ್ಳದೆ, ತೆಗೆದು ಬಳಸಿಬಿಟ್ಟಿದ್ದರು. ಬೀಗದವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲನ್ನು ಯಾವಾಗ ಒಯ್ಯಬಹುದು ಎಂದಷ್ಟೇ ಕೇಳಿದ.

ಯಜಮಾನರು ಬಾಯಿ ತೆರೆದರು. ಅರವತ್ತಾರು ವರ್ಷ ಜೊತೆಗಿದ್ದ ಕಲ್ಲು. ಹುಟ್ಟಿದಂದಿನಿಂದ ತನಗೆಂದು ನಿಂತ ಕಲ್ಲು. ಅದರ ಮುಂದೆ ಕುಳಿತು ಅಕ್ಷರ ಕಲಿತಿದ್ದರು, ಕಲಿತ ಮೊದಲ ನಾಲ್ಕಕ್ಷರ ಅದರದೇ. ಎದೆಯ ಚಿತ್ರ ನೋಡಿ ಬಂದ ದಿನ ಹೆದರಿಕೆ ಸ್ವಲ್ಪ ಕಡಿಮೆಯಾದದ್ದೂ ಅದನ್ನು ನೋಡಿಯೇ. ಏನಿಲ್ಲದಿದ್ದರೂ ಇದೊಂದು ಸಿದ್ಧವಿದೆಯಲ್ಲ ಎಂದು.

"ಇವತ್ತೇ ಒಯ್ಯಪ್ಪ" ಎಂದಳು ಹೆಂಡತಿ, ಅವರ ಬಾಯಿಂದ ಮಾತು ಬರುವ ಮೊದಲು. "ಮೂವತ್ತೊಂಬತ್ತು ವರ್ಷ ಬೆಳಗೆದ್ದು ಅದರ ಮುಖ ನೋಡಿದೀನಿ. ಸಾಕು."

ಆದರೂ ಅಂಗಡಿಯ ಗುರುತು ಬೀಳದೆ ಕಲ್ಲು ಹೊರಗೆ ಹೋಗುವಂತಿರಲಿಲ್ಲ. ಒಪ್ಪಿಗೆ ಬಂದಾಗಿತ್ತು, ತೊಂಬತ್ತು ವರ್ಷ ತಡವಾಗಿ. ಯಜಮಾನರು ಉಳಿ ತೆಗೆದರು. ವೈದ್ಯರ ಮಾತನ್ನು ಯಾರಾದರೂ ನೆನಪಿಸುತ್ತಾರೆಂದು ಕಾದರು. ಹೆಂಡತಿ ಮಾತಾಡದೆ ಒಂದು ಒದ್ದೆ ಬಟ್ಟೆ ತಂದು ಅವರ ಮೂಗು ಬಾಯಿಗೆ ಬಿಗಿದು ಕಟ್ಟಿದಳು, ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿ ಕೂತು, ಉಳಿ ಬಿದ್ದಲ್ಲೆಲ್ಲ ಹನಿ ಹನಿಯಾಗಿ ಸುರಿಯುತ್ತ ಹೋದಳು. ದೂಳು ಏಳಲೇ ಇಲ್ಲ. ಇಷ್ಟು ಸುಲಭವಿತ್ತು ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆದು, ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಇಸವಿ ಹಾಕಬೇಕೇ ಎಂದು ಯಜಮಾನರು ಕೇಳಿದರು. ಯಾವ ವರ್ಷ ಅಂತ ಯಾರಿಗೆ ಗೊತ್ತು, ಖಾಲಿ ಇರಲಿ ಎಂದ ಬೀಗದವನು. ಸಂಜೆ ತಳ್ಳುಗಾಡಿ ಬಂತು. ಕಲ್ಲು ಹೋದ ಮೇಲೆ ಗೋಡೆಯ ಮೇಲೆ ಅದರಷ್ಟೇ ಅಗಲದ ಬಿಳಿ ಜಾಗ ಉಳಿಯಿತು.

ತಿಂಗಳ ಕೊನೆಯ ದಿನ ಸೊಸೆ ಅರ್ಜಿಯನ್ನು ಮತ್ತೆ ಬಿಡಿಸಿದಳು. ಒಂದೂವರೆ ಅಕ್ಷರ ಹಾಗೆಯೇ ಇತ್ತು. ಯಜಮಾನರು ಆಸೆ ಬಿಟ್ಟು ಮೂಲೆಯಲ್ಲಿ ಕೂತಿದ್ದರು.

"ಮಾವ, ಈಗ ಅದರ ಜೊತೆ ಕಲ್ಲಿಲ್ಲ. ಬರೀ ಹೆಸರು. ಬರೀತೀನಿ" ಎಂದಳು. "ಆದರೆ ಒಂದು ಮಾತು. ಇದನ್ನ ಇನ್ಮೇಲೆ ಯಾರೂ ಕಲ್ಲಿನ ಮೇಲೆ ಕೆತ್ತಕೂಡದು. ಕಾಗದದ ಮೇಲೂ ಈ ಅರ್ಜಿ ಬಿಟ್ಟರೆ ಅವನು ತಾನೇ ಬರೆಯೋದು ಕಲಿಯೋವರೆಗೆ ಯಾರೂ ಬರೆಯಕೂಡದು. ಮುಂಗಡವಾಗಿ ಯಾವುದೂ ಬೇಡ."

"ನನಗೂ?" ಎಂದರು ಯಜಮಾನರು.

"ನಿಮಗೂ."

ವ್ಯಾಪಾರಿಯ ಬಾಯಿ ಸುಮ್ಮನಿರುವುದಿಲ್ಲ. ಸಣ್ಣ ಅಕ್ಷರ? ಬೇಡ. ಮೊದಲಕ್ಷರ ಮಾತ್ರ? ಬೇಡ. ಕಲ್ಲಿನ ಅಡಿಭಾಗಕ್ಕೆ, ಮಣ್ಣಿನ ಕಡೆಗೆ, ಯಾರಿಗೂ ಕಾಣದ ಹಾಗೆ? ಸೊಸೆ ಪೆನ್ನಿನ ಮುಚ್ಚಳದ ಮೇಲೆ ಕೈಯಿಟ್ಟಳು. ಯಜಮಾನರು ಒಪ್ಪಿಕೊಂಡರು. ಊರಿನ ಅರ್ಧದಷ್ಟು ಸತ್ತವರ ಹೆಸರು ಕೆತ್ತಿದ ಮನುಷ್ಯ ತನ್ನದೊಂದನ್ನು ಹೀಗೆ ಕೈಬಿಟ್ಟ.

ಆಗ ನನ್ನ ಗೋರಿ ಯಾವುದು ಅಂತ ಹೇಗೆ ಗೊತ್ತಾಗಬೇಕು ಎಂದು ಹೆಂಡತಿಯ ಹತ್ತಿರ ಅಲವತ್ತುಕೊಂಡರೆ, ಅವಳು ಅಕ್ಕಿಯಿಂದ ಕಣ್ಣೆತ್ತದೆ, "ಏನೂ ಬರೆಯದೆ ಇರೋದು ನಿಮ್ಮದೊಂದೇ ಇರುತ್ತೆ. ಗೊತ್ತಾಗದೆ ಏನು?" ಎಂದಳು.

ಎಂಟು ತಿಂಗಳು ಕಳೆದವು. ವೈದ್ಯರು ಎರಡು ವರ್ಷ ಎಂದದ್ದರಲ್ಲಿ ಸುಮಾರು ಅರ್ಧ ಮುಗಿದಿತ್ತು. ಉಳಿಗಳ ಪೆಟ್ಟಿಗೆಗೆ ಬೀಗ ಬಿದ್ದಿತ್ತು, ಕೀಲಿ ಹೆಂಡತಿಯ ಸೊಂಟದಲ್ಲಿ. (ಬೀಗ ಹಾಕಿಕೊಟ್ಟವನು ಯಾರೆಂದು ಹೇಳಬೇಕಾಗಿಲ್ಲ.) ಯಜಮಾನರು ಖಾಲಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕಾದ ಉಸಿರನ್ನು ಕೂತಲ್ಲೇ ಉಳಿಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಒಳಗಿನಿಂದ ಕೂಗು ಕೇಳಿಸಿತು. ಹೆಂಡತಿಯ ದನಿ. ನಾಲ್ಕಕ್ಷರ, ನಡುವಿನ ಒತ್ತು ಸ್ಪಷ್ಟ, ಬಾಲ ಉದ್ದ. "ಬಾರೋ, ಊಟ ಆರಿಹೋಗುತ್ತೆ!"

ನಲವತ್ತು ವರ್ಷದಲ್ಲಿ ಮೊದಲ ಸಲ. ಯಜಮಾನರು ಎರಡು ಕೈಯನ್ನೂ ಕುರ್ಚಿಗೆ ಊರಿ ಎದ್ದರು. ಎದೆ ಸಿಳ್ಳೆ ಹಾಕಿತು. ಗೋಡೆ ಹಿಡಿದು, ಒಂದು ಕಡೆ ನಿಂತು, ಇನ್ನೊಂದು ಕಡೆ ನಿಂತು, ಬಾಗಿಲವರೆಗೆ ಬಂದು, "ಬಂದೆ ಕಣೇ" ಎಂದರು.

ಹೆಂಡತಿ ನೆಲದ ಮೇಲೆ ಬಟ್ಟಲು ಹಿಡಿದು ಕೂತಿದ್ದಳು. ಮೇಜಿನ ಕೆಳಗಿನಿಂದ ಮೊಮ್ಮಗ ತೆವಳುತ್ತ ಅವಳ ಕಡೆಗೆ ಬರುತ್ತಿದ್ದ. ಅವಳು ತಲೆ ಎತ್ತಿ ನೋಡಿದಳು.

"ನಿಮ್ಮನ್ನಲ್ಲ" ಎಂದಳು.